ಹಣೆ ಬಿಟ್ಟು ಉಳಿದದ್ದು

ಅಥಣಿ ರಸ್ತೆಯ ಹೊಸ ಮನೆಗೆ ಬಂದ ಮೇಲೆ ಹಳೆಯ ಟ್ರಂಕು ಬಿಚ್ಚಿದೆ. ತಳದಲ್ಲಿ ಒಂದು ಕೈಗನ್ನಡಿ, ಅದರ ಪಕ್ಕ ಗುಲಾಬಿ ನೀರಿನ ಖಾಲಿ ಬಾಟಲಿ. ಮುಚ್ಚಳ ತೆಗೆದು ಮೂಸಿದೆ. ಇಷ್ಟು ವರ್ಷವಾದರೂ ವಾಸನೆ ಹೋಗಿರಲಿಲ್ಲ. ಗುಲಾಬಿಗಿಂತ ಗ್ಲಿಸರಿನ್ ವಾಸನೆಯೇ ಜಾಸ್ತಿ. ಕನ್ನಡಿ ತಿರುಗಿಸಿದರೆ ಬೆನ್ನಿಗೆ ಒಂದು ಟಿಕಳಿ, ಹಣೆಗೆ ಅಂಟಿಸಿಕೊಳ್ಳುತ್ತಾರಲ್ಲ ಅದು. ಕೆಂಪು ಹೋಗಿ ಕಂದು ಬಂದಿತ್ತು, ಅಂಟು ಮಾತ್ರ ಬಿಟ್ಟಿರಲಿಲ್ಲ.

ಇದನ್ನು ಹೊರಗೆ ಒಗೆಯಲೇನು ಎಂದು ಸೊಸೆ ಕೇಳಿದಳು. ಬೇಡ ಅಂದೆ. ಯಾರದು ಎಂದು ಅವಳು ಕೇಳಲಿಲ್ಲ. ಅದು ಬಾಜೂ ಮನೆಯ ಅಕ್ಕನದು...

ಆಗ ನಾವು ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ಇದ್ದೆವು. ರೈಲು ಹೋದರೆ ಗೋಡೆಯ ಮೇಲಿನ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಊರು ಬಿಟ್ಟು ಬಂದು ವಿಜಯಪುರದಲ್ಲಿ ಹಳೆ ಸೀರೆ ತುಂಡುಗಳ ಕೌದಿ ಹೊಲಿದು ಬದುಕಿದಳು. ಬಬಲೇಶ್ವರದಲ್ಲಿ ತಮ್ಮನಿದ್ದ. ತಮ್ಮನ ಮಗಳನ್ನು ಸಾಲಿ ಕಲಿಯಲಿ ಎಂದು ಅಕ್ಕ ತನ್ನ ಹತ್ತಿರವೇ ಇಟ್ಟುಕೊಂಡು ದೊಡ್ಡವಳನ್ನಾಗಿ ಮಾಡಿದಳು. ಆ ಹುಡುಗಿಯ ತಲೆ ಹಿಕ್ಕಿದವಳು, ಜ್ವರ ಬಂದರೆ ಪಕ್ಕದಲ್ಲಿ ಕುಂತವಳು ಎಲ್ಲ ಅಕ್ಕನೇ.

ನಾನು ಮೊದಲು ಬಳೆ ಮಾರುತ್ತಿದ್ದೆ. ಬಳೆ ತೊಡಿಸಲು ಮದುವೆ ಮನೆಗೆ ಹೋದರೆ, ಮದುಮಗಳಿಗೂ ಸ್ವಲ್ಪ ಸ್ನೋ ಪೌಡರ್ ಹಚ್ಚಿಬಿಡು ಅನ್ನುತ್ತಿದ್ದರು. ಹಚ್ಚುತ್ತಾ ಹಚ್ಚುತ್ತಾ ಕಲಿತೆ. ಆಮೇಲೆ ಊರಲ್ಲಿ ಪಾರ್ಲರುಗಳು ಬಂದವು, ಹುಡುಗಿಯರು ಅಲ್ಲಿಗೆ ಹೋದರು. ನನಗೆ ಉಳಿದವರು ಅವರ ಅವ್ವಂದಿರು, ಅತ್ತೆಯರು. ಅವರಿಗೂ ಒಂದು ದಿನ ಚೆಂದ ಕಾಣಬೇಕು ಅನ್ನಿಸುತ್ತದೆ, ಆದರೆ ಪಾರ್ಲರಿಗೆ ಹೋಗಲು ನಾಚಿಕೆ. ನಾನು ಅವರಿಗೂ ಹುಡುಗಿಯರಿಗೆ ಹಚ್ಚಿದಂತೆಯೇ ಹಚ್ಚಿದೆ. ತಾಳಿ ಕಟ್ಟಿ ಅಕ್ಕಿ ಕಾಳು ಬೀಳುವ ಹೊತ್ತಿಗೆ ಪೌಡರ್ ಒಣಗಿ ಕಣ್ಣಿನ ಕೆಳಗೆ, ಬಾಯಿಯ ಮಗ್ಗಲಿಗೆ ಗೆರೆ ಗೆರೆ ಎದ್ದು ಕಾಣುತ್ತಿತ್ತು. ಬ್ಯಾಸಿಗೆಯಲ್ಲಿ ಎರೆಹೊಲ ಬಿರಿದ ಹಾಗೆ.

ಹಚ್ಚಿ ಕಲಿಯಲು ನಿನ್ನ ಮುಖ ನನಗೆ ಕೊಡು ಎಂದು ಅಕ್ಕನನ್ನು ಕೇಳಿದೆ. ಅವಳು ನಕ್ಕಳು. ಕೌದಿ ಮಡಚಿಟ್ಟು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕುಂತಳು. ಅವತ್ತಿನಿಂದ ಮಧ್ಯಾಹ್ನವಾದರೆ ಬಂದು ಕೂಡುವುದು ರೂಢಿಯಾಯಿತು. ಸಾಲಿ ಮುಗಿದು ತಮ್ಮ ಹುಡುಗಿಯನ್ನು ಬಬಲೇಶ್ವರಕ್ಕೆ ವಾಪಸು ಕರೆದುಕೊಂಡು ಹೋದ ಮೇಲೆ ಅವಳಿಗೆ ಆ ಹೊತ್ತು ಕಳೆಯುವುದು ಕಷ್ಟವಾಗಿತ್ತು. ಅದು ನನಗೆ ಆಗ ತಿಳಿಯಲಿಲ್ಲ. ನನಗೆ ಮುಖ ಬೇಕಾಗಿತ್ತು, ಸಿಕ್ಕಿತು.

ನನಗೆ ಗೊತ್ತಿರುವುದೆಲ್ಲ ಆ ಮುಖದ ಮೇಲೆ ಕಲಿತದ್ದು. ವಯಸ್ಸಾದ ಚರ್ಮ ನೀರು ಕುಡಿಯುತ್ತದೆ. ಮೊದಲು ಒದ್ದೆ ಅರಿವೆಯಿಂದ ಒರೆಸಬೇಕು, ಹಸಿ ಇರುವಾಗಲೇ ಗ್ಲಿಸರಿನ್ ಹಾಕಿದ ಗುಲಾಬಿ ನೀರು ಹಚ್ಚಬೇಕು, ಮೇಲೆ ಸ್ವಲ್ಪ ಸ್ನೋ. ಹಚ್ಚಿ ಸುಮ್ಮನೆ ಕುಂದರಬೇಕು, ಒಂದು ಚಹಾ ಕುಡಿಯುವಷ್ಟು ಹೊತ್ತು. ಅವಸರ ಮಾಡಿದರೆ ಎಲ್ಲ ಗಂಟುಗಂಟಾಗಿ ಎದ್ದು ಬರುತ್ತದೆ. ಪೌಡರ್ ಮೂಗಿಗೆ ಮತ್ತು ಹಣೆಗೆ ಸಾಕು, ಒತ್ತಬೇಕು, ತಿಕ್ಕಬಾರದು. ಕಣ್ಣಿನ ಕೆಳಗೆ ಹಚ್ಚಲೇಬಾರದು. ಕಾಡಿಗೆ ಮೇಲಿನ ರೆಪ್ಪೆಗೆ ಮಾತ್ರ, ಕೆಳಗೆ ಹಚ್ಚಿದರೆ ಕಣ್ಣು ಒಳಗೆ ಹೋದ ಹಾಗೆ ಕಾಣುತ್ತದೆ. ಗಲ್ಲಕ್ಕೆ ಕೆಂಪು ಹಚ್ಚುವಾಗ ನಗು ಅನ್ನುತ್ತಾರೆ, ಉಬ್ಬಿದ ಕಡೆ ಹಚ್ಚುತ್ತಾರೆ. ಹುಡುಗಿಯರಿಗೆ ಅದು ಸರಿ. ನಮ್ಮ ವಯಸ್ಸಿನವರದು ನಗು ನಿಂತ ಕೂಡಲೇ ಗಲ್ಲ ಕೆಳಗಿಳಿಯುತ್ತದೆ, ಕೆಂಪೂ ಅದರ ಜೊತೆ ಇಳಿಯುತ್ತದೆ. ಆದ್ದರಿಂದ ಸ್ವಲ್ಪ ಮೇಲೆ, ಎಲುಬಿನ ಮೇಲೆ ಹಚ್ಚಬೇಕು. ಇದನ್ನು ತಿಳಿಯಲು ಅಕ್ಕನನ್ನು ಎಷ್ಟು ಸಲ ನಗಿಸಿದೆನೋ ಏನೋ. ಒಮ್ಮೆ ಅವಳಿಗೆ ಸಾಕಾಗಿ, "ನಗಾಕ ಏನರೆ ಸುದ್ದೀನೂ ಹೇಳಬೇ. ಬರೇ ನಗು ನಗು ಅಂದ್ರ ಹುಚ್ಚಿ ಅಂತಾರ ನನಗ" ಅಂದಳು.

ದೀಪ ಹಚ್ಚುವ ಹೊತ್ತಿಗೆ ನಲ್ಲಿಯ ಹತ್ತಿರ ಹೋಗಿ ಕಡಲೆ ಹಿಟ್ಟಿನಿಂದ ತಿಕ್ಕಿ ತೊಳೆದುಕೊಳ್ಳುತ್ತಿದ್ದಳು. ಗಂಡ ಸತ್ತ ಹೆಣ್ಣು ಮಾರಿಗೆ ಬಣ್ಣ ಬಡಕೊಂಡು ಬಾಗಿಲಲ್ಲಿ ನಿಂತರೆ ಓಣಿಯವರು ಸುಮ್ಮನಿರುವುದಿಲ್ಲ. ಆ ಮುಖವನ್ನು ನೋಡಿದವರು ನಾವಿಬ್ಬರೇ.

ತಮ್ಮನ ಮಗಳ ಮದುವೆ ಗೊತ್ತಾಯಿತು. ಅಕ್ಕ ನನ್ನನ್ನೂ ಕರೆದಳು. ಹೊರಡುವ ದಿನ ಬೆಳಗ್ಗೆ ಬಂದು ಕುರ್ಚಿಯಲ್ಲಿ ಕುಂತು, ಇವತ್ತು ತೊಳಕೊಳ್ಳುವುದಿಲ್ಲ, ಚೆಂದಗೆ ಹಚ್ಚು ಅಂದಳು. ಹಚ್ಚಿದೆ. ಅಷ್ಟು ಚೆಂದ ನಾನು ಹಿಂದೆ ಯಾರಿಗೂ ಹಚ್ಚಿರಲಿಲ್ಲ. ಬಣ್ಣ ಹಚ್ಚಿದ್ದೇ ಕಾಣುತ್ತಿರಲಿಲ್ಲ, ಸುಖವಾಗಿ ನಿದ್ದೆ ಮಾಡಿ ಎದ್ದವಳಂತೆ ಕಂಡಳು. ಎಲ್ಲ ಮುಗಿದ ಮೇಲೆ ನನ್ನ ಕೈ ತಾನೇ ಡಬ್ಬಿಗೆ ಹೋಗಿ ಒಂದು ಟಿಕಳಿ ಕಿತ್ತು ಅವಳ ಹಣೆಗೆ ಅಂಟಿಸಿತು. ಎಲ್ಲರಿಗೂ ಕಡೆಗೆ ಅದನ್ನೇ ಮಾಡುವ ಕೈ ಅದು. ಅಕ್ಕನಿಗೆ ಮಾತ್ರ ಯಾವತ್ತೂ ಹಚ್ಚಿರಲಿಲ್ಲ.

ಬೆರಳು ತೆಗೆದ ಕೂಡಲೇ ತಿಳಿಯಿತು. ಕೀಳಲು ಹೋದೆ. ಅಕ್ಕ ನನ್ನ ಮುಂಗೈ ಹಿಡಿದಳು. ಕನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿಕೊಂಡಳು.

"ಇರಲಿ ಬೇ. ಇವತ್ತೊಂದಿನ. ಕೂಸಿನ ಮದಿವ್ಯಾಗ ಹಿಂದ ಗ್ವಾಡಿಗೆ ನಿಂದರೂದು ಬ್ಯಾಡ ನನಗ."

ನಾನು ಬೇಡ ಅನ್ನಬೇಕಾಗಿತ್ತು. ಬಬಲೇಶ್ವರದವರು ಎಂಥವರು ಎಂದು ಅವಳು ಮರೆತಿದ್ದಳೇನೋ, ನನಗೆ ಗೊತ್ತಿತ್ತು. ಆದರೆ ಟಿಕಳಿ ಬಿದ್ದ ಮೇಲೆ ಆ ಮುಖ ತುಂಬಿತ್ತು. ಕಿತ್ತರೆ ನನ್ನ ಕೆಲಸ ಅರ್ಧವಾಗುತ್ತದೆ ಅನ್ನಿಸಿತು. ನಾಲ್ಕು ಜನ ಹೆಂಗಸರು ನೋಡಲಿ, ಯಾರು ಹಚ್ಚಿದರು ಎಂದು ಕೇಳಲಿ ಎಂಬ ಆಸೆ. ಅದಕ್ಕೇ ಸುಮ್ಮನಾದೆ. ಪ್ರೀತಿಗೆ ಸುಮ್ಮನಾದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅಕ್ಕಿ ಕಾಳು ಬಿದ್ದಾದ ಮೇಲೆ ಗಂಡಿನ ಕಡೆಯವರು ಮುತ್ತೈದೆಯರನ್ನು ಸಾಲಾಗಿ ಕೂಡಿಸಿ ಉಡಿ ತುಂಬುತ್ತಾ ಬಂದರು. ಅಕ್ಕ ಸಾಲಿನಲ್ಲಿ ಕುಂತಳು, ನಾನು ಅವಳ ಮಗ್ಗಲಿಗೆ. ಅವರು ಬೇರೆ ಊರಿನವರು, ಅಕ್ಕ ಯಾರೆಂದು ಅವರಿಗೇನು ಗೊತ್ತು? ಹಣೆ ನೋಡಿದರು, ಅಕ್ಕಿ, ಉತ್ತತ್ತಿ, ಕೊಬ್ಬರಿ, ಖಣ ಎಲ್ಲ ಹಾಕಿದರು. ಅಕ್ಕ ಸೆರಗನ್ನು ಎರಡೂ ಕೈಯಿಂದ ಹಿಡಿದಿದ್ದಳು.

ಆಗ ತಮ್ಮನ ಹೆಂಡತಿ ನೋಡಿದಳು. ಅವಳು ಕೆಟ್ಟವಳಲ್ಲ, ಹೆದರಿದ್ದಳು. ಮಗಳ ಸಂಸಾರಕ್ಕೆ ಏನಾದರೂ ಆದರೆ ಎಂಬ ಹೆದರಿಕೆ. ಹತ್ತಿರ ಬಂದು ಬಗ್ಗಿ, ಮೆಲ್ಲಗೇ ಅಂದಳು. "ಯಕ್ಕಾ, ನಿನ್ನ ಕಾಲ ಬೀಳತೀನಿ, ಎದ್ದ ಬಾ. ಅದನ್ನ ಮರದಾಗ ಸುರವು."

ಮೆಲ್ಲಗೆ ಅಂದರೂ ಸಾಲಿಗೆಲ್ಲ ಕೇಳಿಸಿತು. ಅಕ್ಕ ಎದ್ದು ಹೋಗಿ, ಮೂಲೆಯಲ್ಲಿದ್ದ, ಅಕ್ಕಿ ಕೇರುವ ಮರಕ್ಕೆ ಉಡಿಯನ್ನು ಸುರಿದಳು. ಸೆರಗಿಗೆ ಅಂಟಿದ ಅಕ್ಕಿಯನ್ನೂ ಬಿಡದೆ ಝಾಡಿಸಿದಳು. ಇದನ್ನು ನಿನಗೆ ಹಚ್ಚಿದವರು ಯಾರು ಎಂದು ಯಾರೋ ಮುದುಕಿ ಕೇಳಿದಳು.

"ನಾನ ಹಚಗೊಂಡೇನಿ. ಮರತ ಹಚಗೊಂಡೆ" ಅಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ. ನಾನು ನನ್ನ ತುಂಬಿದ ಉಡಿ ಹಿಡಿದುಕೊಂಡು ಕುಂತೇ ಇದ್ದೆ.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಂತೆವು. ನನ್ನ ಉಡಿಯಲ್ಲಿ ಗಂಟು, ಅವಳದು ಖಾಲಿ. ಕಿಟಕಿಯ ಕಡೆಗೆ ಸರಿದು ಕುಂತಿದ್ದಳು. ಇಷ್ಟಾದರೂ ಮುಖದ ಬಣ್ಣ ಕೆಟ್ಟಿರಲಿಲ್ಲ. ಅದನ್ನು ನೋಡಿ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮನೆ ಮುಟ್ಟಿದ ಮೇಲೆ ಅಕ್ಕ ನನ್ನ ಮನೆಯೊಳಗೆ ಬಂದು, ಮುಷ್ಟಿ ಬಿಚ್ಚಿ, ಮದುವೆ ಮನೆಯಲ್ಲೇ ಕಿತ್ತುಕೊಂಡಿದ್ದ ಟಿಕಳಿಯನ್ನು ಈ ಕನ್ನಡಿಯ ಬೆನ್ನಿಗೆ ಅಂಟಿಸಿ ಹೋದಳು.

ಮರುದಿನ ಮಧ್ಯಾಹ್ನ ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಸೂಜಿ ಸೆರಗಿಗೆ ಚುಚ್ಚಿಕೊಂಡು ಕುರ್ಚಿಯಲ್ಲಿ ಕುಂತು, "ಹಣಿ ಬಿಟ್ಟು ಉಳಿದದ್ದು ಹಚ್ಚು" ಅಂದಳು.

ನನಗೆ ಆಗಲಿಲ್ಲ. ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡುವ ಧೈರ್ಯವಿರಲಿಲ್ಲ. ಆರ್ಡರ್ ಐತಿ ಅಕ್ಕಾ, ಹೋಗಬೇಕು ಅಂದೆ. ಯಾವ ಆರ್ಡರೂ ಇರಲಿಲ್ಲ. ಡಬ್ಬಿ ಹಿಡಿದುಕೊಂಡು ಸ್ಟೇಷನ್ ತನಕ ಹೋಗಿ, ಬೆಂಚಿನ ಮೇಲೆ ಕುಂತು ಹೊತ್ತು ಕಳೆದು ಬಂದೆ. ಮತ್ತೊಂದು ದಿನ ಬಂದಾಗ ತಲೆ ನೋಯುತ್ತದೆ ಅಂದೆ. ಹಿಂಗೇ ಕೆಲವು ದಿನ... ಆಮೇಲೆ ಅವಳು ಬರುವುದನ್ನು ಬಿಟ್ಟಳು. ಗೋಡೆಯ ಆ ಕಡೆ ಕೆಮ್ಮುವುದು ಕೇಳುತ್ತಿತ್ತು. ನಲ್ಲಿಯ ಹತ್ತಿರ ಸಿಕ್ಕರೆ ಊಟ ಆಯಿತೇನು ಎಂದು ಕೇಳುತ್ತಿದ್ದೆವು, ಅಷ್ಟೇ.

ಆ ಮದುವೆಯ ನಂತರ ನನಗೆ ಬಬಲೇಶ್ವರದಿಂದ ಆರ್ಡರುಗಳು ಬರತೊಡಗಿದವು. ತಾನೇ ಹಚ್ಚಿಕೊಂಡೆ ಎಂದು ಅಕ್ಕ ಹೇಳಿದ್ದು ಟಿಕಳಿಯ ಮಾತು. ಮುಖಕ್ಕೆ ಹಚ್ಚಿದವಳು ನಾನೆಂದು ಹೆಂಗಸರು ಪತ್ತೆ ಮಾಡಿದ್ದರು. ಟಿಕಳಿ ಕಂಡು ಬಾಯಿ ಮಾಡಿದವರೇ ಕಿವಿಯ ಹತ್ತಿರ ಬಂದು, ಆಕೆಗೆ ಮಾಡಿದ ಹಾಗೆ ನಮಗೂ ಮಾಡು ಅಂದರು. ಮಾಡಿದೆ. ತಿಕೋಟಾದವರೂ ಕರೆದರು. ಅಲ್ಲಿಂದ ಕೆಲಸದಲ್ಲಿ ನಾನು ಹಿಂದಕ್ಕೆ ನೋಡಲಿಲ್ಲ.

ಅಕ್ಕ ಸೊರಗಿದ ಮೇಲೆ ತಮ್ಮ ಬಂದು ಬಬಲೇಶ್ವರಕ್ಕೆ ಕರೆದುಕೊಂಡು ಹೋದ. ಹೋಗುವಾಗ ನಾನು ಮನೆಯಲ್ಲಿರಲಿಲ್ಲ. ಆವತ್ತು ನಿಜವಾಗಿಯೂ ಆರ್ಡರ್ ಇತ್ತು. ಸತ್ತ ಸುದ್ದಿ ಮಣ್ಣಾದ ಮೇಲೆ ತಿಳಿಯಿತು. ಹೇಳಲು ಬಂದವಳು ಆ ಮದುಮಗಳೇ, ಅಕ್ಕ ಸಾಕಿದ ಹುಡುಗಿ. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು. ನನಗೆ ಒಂದು ಕೌದಿ ಕೊಟ್ಟಳು, ಅತ್ತಿ ನಿನಗಂತ ಹೊಲಿದಿದ್ದಳು ಎಂದು.

"ಚಿಗವ್ವಾ, ಅತ್ತಿಗೆ ಕಡೀತನಕಾ ಅದಽ ಚಿಂತಿ ಇತ್ತು. 'ನನ್ನ ಸಲುವಾಗಿ ಆಕಿ ಕೆಲಸಕ್ಕ ಕೆಟ್ಟ ಹೆಸರ ಬಂತು, ಅದಕ್ಕಽ ನನ್ನ ಮಾರಿ ಮುಟ್ಟಾಕ ಒಲ್ಲಳು' ಅಂತ ನಿನ್ನ ಸುದ್ದಿ ಹೇಳತಿದ್ಲು."

ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಯಾರಿಗೆ ಹೇಳಬೇಕಾಗಿತ್ತೋ ಅವಳಿರಲಿಲ್ಲ. ಹುಡುಗಿಗೆ ಚಹಾ ಮಾಡಿಕೊಟ್ಟೆ.

ಈಗ ನನ್ನ ಗಂಡನೂ ಇಲ್ಲ, ನನ್ನ ಹಣೆಯೂ ಖಾಲಿ. ಕೆಲಸ ಮಾತ್ರ ಬಿಟ್ಟಿಲ್ಲ. ಮೊನ್ನೆ ಇಟ್ಟಂಗಿಹಾಳದಿಂದ ಒಬ್ಬಳು ಮುದುಕಿ ಮೊಮ್ಮಗನ ಮದುವೆಗೆ ಹಚ್ಚಿಸಿಕೊಳ್ಳಲು ಬಂದಿದ್ದಳು. ಅವಳಿಗೂ ಗಂಡನಿರಲಿಲ್ಲ. ಎಲ್ಲ ಮುಗಿಸಿ ಕೈ ತಡೆದು, ಹಣೆಗೆ ಏನು ಮಾಡಲಿ ಎಂದು ಕೇಳಿದೆ. ಈಗ ಎಲ್ಲರಿಗೂ ಕೇಳುತ್ತೇನೆ. ಅವಳು ಬೇಡ ಅಂದಳು. ಕನ್ನಡಿ ನೋಡಿಕೊಂಡು, ಇಷ್ಟು ಚೆಂದ ಎಲ್ಲಿ ಕಲಿತಿ ಎಂದಳು. ಬಾಜೂ ಮನೆಯ ಅಕ್ಕನ ಹತ್ತಿರ ಅಂದೆ. ಆಕೆಯದು ಪಾರ್ಲರ್ ಇತ್ತೇನು ಎಂದು ಕೇಳಿದಳು. ಇಲ್ಲ, ಕೌದಿ ಹೊಲಿಯುತ್ತಿದ್ದಳು ಅಂದೆ.

ಕನ್ನಡಿಯ ಬೆನ್ನಿನ ಟಿಕಳಿ ಕೀಳಲಿಲ್ಲ. ಬಾಟಲಿ ತೊಳೆದು ಬಿಸಿಲಿಗಿಟ್ಟೆ, ಕನ್ನಡಿಯನ್ನು ಅಕ್ಕ ಕೂಡುತ್ತಿದ್ದ ಕುರ್ಚಿಯ ಮೇಲಿಟ್ಟೆ. ಸೊಸೆ ಪ್ಯಾಟಿಗೆ ಹೋಗಿದ್ದಾಳೆ. ಮಧ್ಯಾಹ್ನವಾಗಿದೆ. ಇವತ್ತು ನನಗೆ ಯಾವ ಆರ್ಡರೂ ಇಲ್ಲ ಅಕ್ಕಾ...