ಮಾವನ ಮುಂಡಾಸಿನ ದಗಲೆ

ಹುಣಸೆ ಬೀಜ ಹುರಿಯುವಾಗ ಒಂದು ವಾಸನೆ ಬರುತ್ತದೆ. ಅದನ್ನು ಯಾರೂ ಪರಿಮಳ ಎನ್ನಲಾರರು. ಸುಟ್ಟ ತೊಗಟೆಯ ಹಾಗೆ, ಸ್ವಲ್ಪ ಹುಳಿ, ಸ್ವಲ್ಪ ಕಹಿ. ಮೊನ್ನೆ ಹೊಸ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಭರಣಿಗೆ ತುಂಬುವ ಹೊತ್ತಿನಲ್ಲಿ ಒಂದಷ್ಟು ಬೀಜ ಒಲೆಗೆ ಬಿದ್ದು ಚಟಚಟ ಸಿಡಿದವು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹಾಗೇ ಕೂತುಬಿಟ್ಟೆ. ಸೊಸೆ ಬಂದು ಎಂತ ಆಯಿತು ಎಂದು ಕೇಳಿದಳು. ಏನೆಂದು ಹೇಳುವುದು? ಪುತ್ತಿಗೆಯ ನಮ್ಮ ಮನೆಯ ಚಾವಡಿಯಲ್ಲಿ ಮಾವ ಹುರಿದ ಬೀಜದ ಸಿಪ್ಪೆ ಬಿಡಿಸುತ್ತಿದ್ದಾರೆ, ಇನ್ನು ಅದನ್ನು ನೆನೆಸಿ, ಅರೆದು, ಅಂಟು ಕಾಯಿಸುತ್ತಾರೆ, ಆ ಅಂಟಿನಿಂದ ನನಗೊಂದು ಕಿರೀಟ ಆಗುತ್ತದೆ ಎಂದರೆ ಅವಳು ನನಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಯಾಳು. ಆ ಚಾವಡಿ ಹೋಗಿ ಎಷ್ಟೋ ಕಾಲವಾಯಿತು. ಅಲ್ಲಿ ಕೂತು ಎದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ನಿಮಗೂ ಇಂಥದ್ದೊಂದು ವಾಸನೆ ಎಲ್ಲೋ ಇದ್ದೇ ಇರುತ್ತದೆ, ಅದಕ್ಕೆ ನಿಮ್ಮಲ್ಲಿ ಹೇಳುತ್ತಿದ್ದೇನೆ.

ಮಾವ ಎಂದರೆ ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನರು. ಮನೆಯಲ್ಲಿ ನಾವಾಡುತ್ತಿದ್ದದ್ದು ತುಳು, ಅವರನ್ನು ಕರೆಯುತ್ತಿದ್ದದ್ದು ತಮ್ಮಲೆ ಎಂದು. ಶಾಲೆಯಲ್ಲಿ ಬರೆಯಲು ಕಲಿತದ್ದು ಕನ್ನಡವಾದ್ದರಿಂದ ಇಲ್ಲಿ ಮಾವ ಎನ್ನುತ್ತೇನೆ, ಆಗ ಆಡಿದ ಮಾತುಗಳನ್ನೂ ಕನ್ನಡದಲ್ಲೇ ಹೇಳುತ್ತೇನೆ. ಬೆಳಿಗ್ಗೆ ಗದ್ದೆಯ ಬದುವಿನ ಜಗಳ ತೀರ್ಮಾನಿಸುವಾಗ ಅವರ ಎದುರು ದನಿ ಎತ್ತಲು ದೊಡ್ಡವರೂ ಹಿಂಜರಿಯುತ್ತಿದ್ದರು. ಮಧ್ಯಾಹ್ನ ಊಟವಾಗಿ ಎಲೆ ಅಡಿಕೆ ಹಾಕಿದ ಮೇಲೆ ಅದೇ ಮನುಷ್ಯ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಸೂಜಿ ಹಿಡಿದು ಕೂರುತ್ತಿದ್ದರು. ಪ್ರಾಯದಲ್ಲಿ ಯಕ್ಷಗಾನದ ಹುಚ್ಚು ಹತ್ತಿ ಮೇಳದವರ ಹಿಂದೆ ಊರೂರು ಸುತ್ತಿದವರು. ಕುಣಿತ ಹತ್ತಲಿಲ್ಲ, ಹೊಲಿಗೆ ಹತ್ತಿತು. ಮಳೆಗಾಲದಲ್ಲಿ ಆಟ ನಿಂತಾಗ ಮೇಳದ ವೇಷದ ಪೆಟ್ಟಿಗೆ ನಮ್ಮ ಚಾವಡಿಗೆ ಬರುತ್ತಿತ್ತು. ಬೆವರಿಗೆ ಕೊಳೆತ ಅಂಗಿ, ಜರಿ ಕಿತ್ತುಹೋದ ಪಟ್ಟಿ, ಬಣ್ಣ ಮಾಸಿದ ಸೀರೆ, ಎಲ್ಲವನ್ನೂ ನೆಟ್ಟಗೆ ಮಾಡಿ ದೀಪಾವಳಿಗೆ ಮೊದಲು ಕಳುಹಿಸಿಕೊಡಬೇಕು. ಉಳಿದ ಚೂರುಪಾರು ನಮ್ಮ ಪಾಲಿಗೆ. ಅದರಲ್ಲಿ ಅವರು ಏನೇನು ಮಾಡುತ್ತಿದ್ದರು ಎಂದರೆ, ನನ್ನ ಸ್ಲೇಟಿಗೆ ಕುದುರೆಯ ಚಿತ್ರ ಕೂರಿಸಿದ ಚೀಲ, ತಮ್ಮನಿಗೆ ಕಿವಿ ಮುಚ್ಚುವ ಟೊಪ್ಪಿ, ಬೂರುಗದ ಹತ್ತಿ ತುಂಬಿದ ಗೊಂಬೆ. ಮಾರ್ನೆಮಿ ಬಂತೆಂದರೆ ವೇಷ. ನವರಾತ್ರಿಯನ್ನು ನಾವು ಹಾಗೆ ಕರೆಯುವುದು. ಅಡಿಕೆ ಹಾಳೆ ಕತ್ತರಿಸಿ, ಅಂಟು ಬಳಿದು, ಬಟ್ಟೆ ಹೊದಿಸಿ, ಕನ್ನಡಿ ಚೂರು ಕೂರಿಸಿದ ಕಿರೀಟ ಕಟ್ಟಿಕೊಂಡು ನಾವು ಅಂಗಳದಲ್ಲಿ ಹಾರುತ್ತಿದ್ದರೆ, ಗದ್ದೆಯಿಂದ ಬಂದ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟು ನಿಂತು ನೋಡುತ್ತಿದ್ದರು. ಯಜಮಾನರಿಗೆ ಗಂಡಸರ ಕೆಲಸ ಮುಗಿದು ಹೆಂಗಸರದ್ದು ಶುರುವಾಯಿತು ಎಂದು ಅಮ್ಮ ತಮಾಷೆ ಮಾಡಿದರೆ, ಮಾವ ನೂಲನ್ನು ಹಲ್ಲಿನಿಂದ ಕಡಿದು, ಹರಿದ ನಿನ್ನ ರವಕೆಯನ್ನೂ ತಾ ಎನ್ನುತ್ತಿದ್ದರು.

ಅಳತೆಗೆ ಅವರಲ್ಲಿ ಟೇಪು ಇರಲಿಲ್ಲ. ಒಣಗಿದ ಬಾಳೆನಾರನ್ನು ನಮ್ಮ ತೋಳಿಗೆ, ಎದೆಗೆ, ಸೊಂಟಕ್ಕೆ ಹಿಡಿದು ಗಂಟು ಹಾಕಿಕೊಳ್ಳುತ್ತಿದ್ದರು. ಆ ನಾರು ಕುತ್ತಿಗೆಯ ಹಿಂದೆ ಹಾದರೆ ಕಚಗುಳಿ ಆಗಿ ನಾವು ನುಲಿಯುತ್ತಿದ್ದೆವು, ಅವರು ಬೇಕೆಂದೇ ಇನ್ನೊಮ್ಮೆ ಹಾಯಿಸುತ್ತಿದ್ದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮದು ಅಳಿಯಕಟ್ಟಿನ ಮನೆ. ಮನೆ, ಗದ್ದೆ ಎಲ್ಲ ಹೆಣ್ಣಿನ ಕಡೆಯಿಂದ ಇಳಿದು ಬರುವುದು. ಗಂಡಸು ತನ್ನ ಅಕ್ಕತಂಗಿಯರ ಮಕ್ಕಳನ್ನು ಸಾಕುತ್ತಾನೆ, ಅವನ ಸ್ವಂತ ಮಕ್ಕಳು ಅವರ ಅಮ್ಮನ ಮನೆಗೆ ಸೇರಿದವರು. ಮಾವನ ಹೆಂಡತಿ, ನಮ್ಮ ಅತ್ತೆ, ಎಣ್ಮಕಜೆ ಕಡೆಯವರು. ಆ ಮನೆಗೆ ಒಬ್ಬಳೇ ಮಗಳಾದ್ದರಿಂದ ಅವರು ಅದನ್ನು ಬಿಟ್ಟು ಬರುವ ಹಾಗಿರಲಿಲ್ಲ. ನಮ್ಮ ಮನೆಗೆ ಒಬ್ಬರೇ ಗಂಡಸಾದ ಮಾವ ಇದನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ನಮ್ಮ ಅಪ್ಪನೂ ಅಷ್ಟೇ. ತಮ್ಮ ಅಕ್ಕಂದಿರ ಮನೆಯ ಯಜಮಾನಿಕೆ ನೋಡಿಕೊಂಡು, ಆಗೊಮ್ಮೆ ಈಗೊಮ್ಮೆ ಬಾಳೆಗೊನೆ ಹಿಡಿದುಕೊಂಡು ಬಂದು, ಚಾವಡಿಯಲ್ಲಿ ಕೂತು, ನನ್ನ ತಲೆ ನೇವರಿಸಿ ಹೋಗುತ್ತಿದ್ದರು. ಅವರೆದುರು ನನಗೆ ಸ್ವಲ್ಪ ನಾಚಿಕೆಯೇ. ಯಾರಿಗೂ ಇದು ವಿಚಿತ್ರ ಅನಿಸುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದೇ. ಮಾವ ದಿನದ ಕೆಲಸ ಮುಗಿಸಿ ಎಣ್ಮಕಜೆಗೆ ನಡೆದು ಹೊರಟರೆ ಮುಟ್ಟುವಾಗ ರಾತ್ರಿ ಬಹಳ ಹೊತ್ತಾಗುತ್ತಿತ್ತು. ಮರುದಿನ ಕೆಲಸದವರು ಗದ್ದೆಗೆ ಇಳಿಯುವ ಮೊದಲು ಇಲ್ಲಿರಬೇಕು, ಹಾಗಾಗಿ ಬೆಳಕು ಹರಿಯುವ ಮೊದಲೇ ಅಲ್ಲಿಂದ ಹೊರಡುತ್ತಿದ್ದರು. ಮಳೆಗಾಲದಲ್ಲಿ ಶಿರಿಯ ಹೊಳೆ ತುಂಬಿತೆಂದರೆ ತಿಂಗಳುಗಟ್ಟಲೆ ಅದೂ ಇಲ್ಲ. ಅವರಿಗೆ ಗಿರಿಜ ಎಂದು ಒಬ್ಬಳೇ ಮಗಳು, ನಾನೂ ಅವಳೂ ಒಂದೇ ತಿಂಗಳಲ್ಲಿ ಹುಟ್ಟಿದವರು. ನಾನು ಅವಳನ್ನು ನೋಡಿರಲೇ ಇಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದಿತ್ತು, ಸರಕಾರ ಕೊಟ್ಟಷ್ಟೇ ಸಿಗುವುದು. ಮೇಳದವರೇ ತೇಪೆಯ ಮೇಲೆ ತೇಪೆ ಹಾಕಿಸಿಕೊಳ್ಳುವಾಗ ನಮಗೆ ಚೂರು ಎಲ್ಲಿಂದ ಉಳಿಯಬೇಕು? ಈ ವರ್ಷ ವೇಷಗೀಷ ಎಂದು ಮಾವನ ತಲೆ ತಿನ್ನಬೇಡಿ ಎಂದು ಅಮ್ಮ ಮೊದಲೇ ನಮ್ಮ ಬಾಯಿ ಮುಚ್ಚಿಸಿದ್ದಳು. ಹಾಗಿರುವಾಗ ಒಂದು ಮಧ್ಯಾಹ್ನ ಮಾವ ನನ್ನನ್ನು ಕರೆದು ನಿಲ್ಲಿಸಿ, ನಾರು ಹಿಡಿದು, ಕಚಗುಳಿ ಇಡದೆ, ಬಹಳ ಜಾಗ್ರತೆಯಿಂದ ಅಳತೆ ತೆಗೆದರು. ಯಾವ ಬಣ್ಣದ ಅಂಚು ಚಂದ ಎಂದು ನನ್ನನ್ನೇ ಕೇಳಿದರು. ಕೆಂಪು ಎಂದೆ. ತಮ್ಮನಿಗೆ ಇಲ್ಲದ್ದು ನನಗೊಬ್ಬಳಿಗೇ ಎಂದು ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮರುದಿನ ನೋಡಿದರೆ ಮಾವನ ಮಡಿಲಲ್ಲಿ ಹಸಿರು ಜರಿಯ ಮುಂಡಾಸು. ಮದುವೆಯ ದಿನ ಅತ್ತೆಯ ಮನೆಯವರು ಅವರ ತಲೆಗೆ ಸುತ್ತಿದ್ದದ್ದು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಚಿಡುತ್ತಿದ್ದದ್ದು. ಅದರ ಮೇಲೆ ಕತ್ತರಿ ಇಟ್ಟದ್ದು ಕಂಡು ಅಮ್ಮನ ಜೀವ ಹಾರಿತು. ಬೇಕಾದರೆ ತನ್ನದೊಂದು ಸೀರೆ ಹರಿದು ಕೊಡುತ್ತೇನೆ, ಅದನ್ನು ಮುಟ್ಟಬೇಡಿ ಎಂದಳು. ಮಾವ ತಲೆ ಎತ್ತಲಿಲ್ಲ.

"ನಿನ್ನ ಸೀರೆ ಈ ಮನೆಯದ್ದು. ಇದು ಆ ಮನೆಯಿಂದ ಬಂದದ್ದು, ಆ ಮನೆಗೇ ಹೋಗಲಿ. ಗಿರಿಜನಿಗೆ ನಾನು ಒಂದು ಹೊಲಿಗೆಯೂ ಹಾಕಿ ಕೊಟ್ಟದ್ದಿಲ್ಲ."

ಅಮ್ಮ ದೀಪದ ಬತ್ತಿಗೆಂದು ತೆಗೆದಿಟ್ಟಿದ್ದ ಒಳ್ಳೆಯ ನೂಲನ್ನು ತಂದು ಅವರ ಪಕ್ಕದಲ್ಲಿಟ್ಟು ಒಳಗೆ ಹೋದಳು. ನಾನು ಮುಖ ಊದಿಸಿಕೊಂಡು ಕಂಬಕ್ಕೆ ಒರಗಿ ಕೂತೆ. ಮಾರ್ನೆಮಿಗೆ ಹೊಸ ಅಕ್ಕಿ ಊಟಕ್ಕೆ ಅತ್ತೆ ಮಗಳನ್ನು ಕರೆದುಕೊಂಡು ಬರುತ್ತಾರೆ, ಆಗ ಕೊಡುವುದಕ್ಕೆ ಈ ದಗಲೆ ಎಂದು ಮಾವನೇ ನನಗೆ ಸಮಾಧಾನ ಹೇಳಿದರು. ದಗಲೆ ಎಂದರೆ ವೇಷಧಾರಿಗಳು ತೊಡುವ ತುಂಬುತೋಳಿನ ಅಂಗಿ. ಒಂದೇ ಪ್ರಾಯ, ಒಂದೇ ಅಳತೆ ಇರುತ್ತದೆ ಎಂದು ನನ್ನ ಮೈಮೇಲೆ ಅಳೆದದ್ದಂತೆ. ಎಷ್ಟು ಸಿಟ್ಟು ಬಂದಿದ್ದರೂ ಅದು ತಯಾರಾಗುವುದನ್ನು ನೋಡದೆ ಇರಲಾಗಲಿಲ್ಲ. ಭುಜದ ಮೇಲೆ ಜರಿ ಸರಿಯಾಗಿ ಬೀಳುವ ಹಾಗೆ ಬಟ್ಟೆ ತಿರುಗಿಸಿ ಇಟ್ಟು, ಒಂದು ಚೂರೂ ಹಾಳಾಗದ ಹಾಗೆ ಕತ್ತರಿಸಿದ್ದರು. ದಿನಾ ಹೊಲಿದದ್ದನ್ನು ನನಗೆ ತೊಡಿಸಿ ನೋಡುತ್ತಿದ್ದರು. ಅದು ನನ್ನ ಮೈಗೆ ಅಚ್ಚು ಹೊಯ್ದ ಹಾಗೆ ಕೂರುತ್ತಿತ್ತು.

ಹೊಸ ಅಕ್ಕಿ ಊಟದ ದಿನ ಅವರು ಬಂದರು. ಅತ್ತೆಯ ಪಕ್ಕದಲ್ಲಿ ನಿಂತಿದ್ದ ಹುಡುಗಿ ನನಗಿಂತ ಒಂದು ತಲೆ ಎತ್ತರ, ಉದ್ದ ಕೈಕಾಲು, ದೊಡ್ಡವರ ಹಾಗೆ ಗಂಭೀರ. ಮಾವ ಚಾವಡಿಯಿಂದ ಇಳಿದು ಬಂದು, ಅವಳನ್ನು ದಾಟಿ ಹಿಂದೆ ನೋಡಿದರು, ಇನ್ನೂ ಯಾರೋ ಚಿಕ್ಕವರು ಬರುವುದಿದೆ ಎನ್ನುವ ಹಾಗೆ. ಮತ್ತೆ ಅವಳ ಮುಖ ನೋಡಿದರು. ಒಳಗೆ ಹೋಗಿ ದಗಲೆ ತಂದರು. ತರದೇ ಇದ್ದರೂ ಆಗುತ್ತಿತ್ತು ಎಂದು ನನಗೆ ಈಗ ಅನಿಸುತ್ತದೆ. ಆದರೆ ಅಷ್ಟು ದಿನ ಕಾದ ಕೈ ನಿಲ್ಲಲಿಲ್ಲವೇನೋ. ಗಿರಿಜ ತಾಯಿಯ ಮುಖ ನೋಡಿ ಕೈ ಚಾಚಿದಳು. ತೋಳು ಮೊಣಕೈಯಲ್ಲೇ ಸಿಕ್ಕಿಕೊಂಡಿತು. ಇನ್ನೊಂದು ಕೈ ಹಾಕಲು ಹೋದರೆ ಬೆನ್ನಿನ ಹೊಲಿಗೆ ಬಿರಿಯುವ ಹಾಗಾಯಿತು. ಅತ್ತೆ ಮೆಲ್ಲಗೆ, ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನೀವು ಅವಳನ್ನು ನೋಡಿದ್ದೆಲ್ಲ ಮಲಗಿದಲ್ಲೇ ಅಲ್ಲವಾ? ನಿಂತರೆ ಇಷ್ಟು ಉಂಟು ಅವಳು."

ಮಾವನ ಮುಖವನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಎಷ್ಟೋ ಜನರಿಗೆ ತೀರ್ಮಾನ ಹೇಳಿದ ಮನುಷ್ಯ, ಸಿಕ್ಕಿಕೊಂಡ ತೋಳನ್ನು ಮಗಳ ಕೈಯಿಂದ ತಾವೇ ಮೆಲ್ಲನೆ ಬಿಡಿಸಿದರು. ಆಮೇಲೆ ಅಂಗಳದ ಬದಿಗೆ ಹೋಗಿ ಬಾಳೆನಾರು ಸೀಳಿ ತಂದು, ಮಗಳ ಎದುರು ಮೊಣಕಾಲೂರಿ ಕೂತರು. ಭುಜದಿಂದ ಮಣಿಕಟ್ಟಿನವರೆಗೆ ಹಿಡಿದರು, ಗಂಟು ಹಾಕಿದರು. ಸರಿಯಾಯಿತೋ ಇಲ್ಲವೋ ಎಂದು ಅದೇ ತೋಳನ್ನು ಮತ್ತೆ ಅಳೆದರು. ಮತ್ತೂ ಅಳೆದರು. ಅಷ್ಟು ಅಳೆಯುವುದು ಬೇಕಿರಲಿಲ್ಲ, ಅದು ನಮಗೆಲ್ಲ ಗೊತ್ತಿತ್ತು. ಗಿರಿಜ ಮೊದಲು ನೆಲ ನೋಡುತ್ತಿದ್ದವಳು, ಆಮೇಲೆ ಮೆಲ್ಲನೆ ಅವರ ನೆತ್ತಿ ನೋಡಿದಳು, ಕೂದಲು ತೆಳುವಾದ ಜಾಗ ನೋಡಿದಳು, ಕಿವಿಯ ಚಿನ್ನದ ಒಂಟಿ ನೋಡಿದಳು. ಹಗಲು ಬೆಳಕಿನಲ್ಲಿ ಅಪ್ಪನನ್ನು ಅಷ್ಟು ಹತ್ತಿರದಿಂದ ನೋಡುವುದಕ್ಕೆ ಅವಳಿಗೂ ಅದೇ ಮೊದಲು.

ಜರಿಯ ಬಟ್ಟೆ ಒಂದು ಚೂರೂ ಉಳಿದಿರಲಿಲ್ಲ. ಮಾವ ತಮ್ಮ ಹೆಗಲಿನ ಚೌಕಳಿ ಬೈರಾಸನ್ನೇ ಎಳೆದು ಹರಿದರು. ದಗಲೆಯ ಪಕ್ಕದ ಹೊಲಿಗೆ ಬಿಚ್ಚಿ, ಕಂಕುಳಿನಿಂದ ಸೊಂಟದವರೆಗೆ, ತೋಳಿನ ಉದ್ದಕ್ಕೆ, ಆ ಮೈ ಒರೆಸುವ ಬಟ್ಟೆಯ ಪಟ್ಟಿ ಕೂರಿಸಿದರು. ಅಡುಗೆಮನೆಯಿಂದ ಹೊಸ ಅಕ್ಕಿಯ ಪಾಯಸದ ಪರಿಮಳ ಬರುತ್ತಿತ್ತು, ಎಲೆ ಹಾಕಿಯಾಗಿದೆ ಎಂದು ಅಮ್ಮ ಕರೆಯುತ್ತಿದ್ದಳು, ಯಜಮಾನರು ಏಳಲಿಲ್ಲ. ಗಿರಿಜ ಅವರ ಪಕ್ಕದಲ್ಲಿ ಕೂತು ಸೂಜಿಗೆ ನೂಲು ಪೋಣಿಸಿ ಕೊಡುತ್ತಿದ್ದಳು. ಆ ಕೆಲಸ ನನ್ನದಾಗಿತ್ತು, ಹೊಟ್ಟೆಕಿಚ್ಚಾಯಿತು, ಆದರೂ ನಡುವೆ ಹೋಗಲು ಮನಸ್ಸು ಬರಲಿಲ್ಲ. ತೊಡಿಸಿ ನೋಡುವಾಗ ಬಿಗಿ ಆಗುತ್ತದಾ ಎಂದು ಕೇಳಿದರು. ಇಲ್ಲ ಎಂದಳು. ಹಸಿರು ಜರಿಯ ನಡುವೆ ಕೆಂಪು ಬಿಳಿ ಚೌಕಳಿ, ನೋಡಿದರೆ ಯಾರಿಗೂ ನಗು ಬರಬೇಕು. ನನ್ನ ತಮ್ಮ ನಕ್ಕೂ ನಕ್ಕ. ಅವಳು ಮಾತ್ರ ಸಂಜೆ ಅಂಗಳದಲ್ಲಿ ಅವನು ಡಬ್ಬ ಬಡಿದದ್ದಕ್ಕೆ ಕುಣಿಯುವಾಗ, ಕಂಕುಳಿನ ಆ ಪಟ್ಟಿ ಎಲ್ಲರಿಗೂ ಕಾಣಬೇಕು ಎನ್ನುವ ಹಾಗೆ ಎರಡೂ ಕೈ ಎತ್ತಿಯೇ ಕುಣಿದಳು.

ಅಲ್ಲಿಂದ ಮಾವ ಎಣ್ಮಕಜೆಗೆ ಹೊರಡುವ ಹೊತ್ತು ಬದಲಾಯಿತು. ಮಳೆ ಕಳೆದು ಎರಡನೇ ಬೆಳೆಯ ಭತ್ತದ ನೇಜಿ ನೆಡುವ ಕಾಲದಲ್ಲೂ ಮಧ್ಯಾಹ್ನವೇ ಹೊರಟುಬಿಡುತ್ತಿದ್ದರು, ಯಜಮಾನರು ಗದ್ದೆಯನ್ನು ಮರೆತರು ಎಂದು ಊರವರು ಆಡಿಕೊಂಡರು. ಸೂಜಿ ನೂಲು ಮಾತ್ರ ಅಲ್ಲಿಗೆ ಹೋಗಲಿಲ್ಲ. ಹೆಂಡತಿಯ ಮನೆಯಲ್ಲಿ ಅವರು ನೆಂಟರು. ಹೊಸ ಚಾಪೆ ಹಾಕಿ, ಎಳನೀರು ಕೊಟ್ಟು, ಮರ್ಯಾದೆಯಿಂದ ಕೂರಿಸುವ ಜಾಗದಲ್ಲಿ ಕಾಲು ಚಾಚಿ ಹೊಲಿಯುತ್ತಾ ಕೂರುವುದು ಹೇಗೆ? ಇಲ್ಲೇ ಹೊಲಿದು, ಬೈರಾಸಿನಲ್ಲಿ ಸುತ್ತಿ ಒಯ್ಯುತ್ತಿದ್ದರು. ಅಳತೆ ಮತ್ತೆ ತಪ್ಪಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಮಳೆಗಾಲದ ಆಟಿ ತಿಂಗಳಲ್ಲಿ ಮಾವ ಜ್ವರ ಹಿಡಿದು ತೀರಿಕೊಂಡರು. ಹೊಳೆ ಎರಡೂ ದಡ ಮೀರಿ ಹರಿಯುತ್ತಿತ್ತು, ದೋಣಿ ಬಿಡುವವನಿಲ್ಲ. ಅತ್ತೆಗೂ ಗಿರಿಜನಿಗೂ ಮುಖ ನೋಡಲು ಆಗಲಿಲ್ಲ. ಅವರು ಬಂದದ್ದು ಬೊಜ್ಜದ ದಿನ, ಉತ್ತರಕ್ರಿಯೆಗೆ. ಕ್ರಿಯೆ ಹಿಡಿದವನು ನನ್ನ ತಮ್ಮ, ಸೋದರಳಿಯನಾದ್ದರಿಂದ. ಮಗಳು ಬಂದವರ ಸಾಲಿನಲ್ಲಿ ಕೂತಿದ್ದಳು. ಅದೇ ಪದ್ಧತಿ, ಯಾರ ತಪ್ಪೂ ಅಲ್ಲ. ಆದರೂ ನನ್ನ ಬಾಲ್ಯ ಎಂದು ನಾನು ಇಷ್ಟು ಹೊತ್ತು ನಿಮಗೆ ಹೇಳಿದ್ದರಲ್ಲಿ ದೊಡ್ಡ ಪಾಲು ಅವಳಿಗೆ ಸಿಗಬೇಕಾಗಿದ್ದ ಹಗಲುಗಳು.

ಊಟವಾಗಿ ಜನ ಚದುರಿದ ಮೇಲೆ ಅವಳು ಚಾವಡಿಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಮಾವನ ವಸ್ತು ಏನಾದರೂ ಬೇಕಾ ಎಂದು ಕೇಳಿದೆ. ಬೇಡ ಎಂದು ತಲೆ ಅಲ್ಲಾಡಿಸಿದಳು. ಆಮೇಲೆ ಕೇಳಿದಳು.

"ಲೀಲಾ, ಅವರು ಇಲ್ಲಿ ನಗ್ತಿದ್ರಾ? ಸದ್ದು ಮಾಡಿ?"

ನಗುತ್ತಿದ್ದರು ಎಂದೆ. ಎಣ್ಮಕಜೆಯಲ್ಲಿ ಅವರು ಬರೇ ಮುಗುಳ್ನಗುತ್ತಿದ್ದರು, ನೆಂಟರ ಹಾಗೆ, ಸದ್ದು ಹೇಗಿತ್ತು ಎಂದು ತನಗೆ ಗೊತ್ತೇ ಇಲ್ಲ ಎಂದಳು. ಒಮ್ಮೆ ಮಾಡಿ ತೋರಿಸ್ತೀಯಾ ಎಂದಳು. ಬೊಜ್ಜದ ಮನೆ, ಒಳಗೆ ಅಮ್ಮ ಅಳುತ್ತಿದ್ದಳು. ನನಗೆ ಆ ನಗು ಚೆನ್ನಾಗಿ ಗೊತ್ತಿತ್ತು. ಮೊದಲು ಗಂಟಲಲ್ಲೇ ಸುತ್ತುವುದು, ಆಮೇಲೆ ಹೊಟ್ಟೆಯಿಂದ ಎದ್ದು ಬರುವುದು, ಕೊನೆಗೆ ಕೆಮ್ಮಿನಲ್ಲಿ ಮುಗಿಯುವುದು. ದಿನಾ ಕೇಳಿದ್ದೆ. ಬಾಯಿ ತೆರೆದೆ, ಬರಲಿಲ್ಲ. ಇನ್ನೊಮ್ಮೆ ಮಾಡಿ ನೋಡಿದೆ. ಗಿರಿಜ ಅವಸರ ಮಾಡಲಿಲ್ಲ. ನನ್ನ ತುಟಿಯನ್ನೇ ನೋಡುತ್ತಾ ಕಾದಳು.