ತಂಬೂರಿ ಮಗ್ಗವಲ್ಲ

ಕೊನೆಯ ಮಾಮೂಲಿ ದಿನ ಯಾವುದು ಎಂದು ಆ ದಿನ ಯಾರೂ ಬಂದು ಹೇಳುವುದಿಲ್ಲ. ಹೇಳಿದ್ದರೆ ಅವತ್ತು ಉಪ್ಪಿಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದೆ. ಯಾರೂ ಹೇಳಲಿಲ್ಲವಾದ್ದರಿಂದ ಎಂದಿನಂತೆ ಗಂಟು ಗಂಟಾದ ಉಪ್ಪಿಟ್ಟನ್ನೇ ಮಾಡಿದೆ. ನನ್ನ ತಂಗಿ ಸರೋಜ ಎಂದಿನಂತೆ ಅದನ್ನು ಆಡಿಕೊಳ್ಳುತ್ತಲೇ ತಿಂದು, ಕೈ ತೊಳೆದು, ಚಾಪೆಯ ಮೇಲೆ ಕೂತು ಪಿಟೀಲಿನ ಬಿರಡೆ ತಿರುವಿದಳು. ನಾನು ಅವಳ ಹಿಂದೆ ಕೂತು ತಂಬೂರಿ ಮೀಟತೊಡಗಿದೆ. ಸ್ವಲ್ಪ ಹೊತ್ತಿಗೆ ಅವಳು ಕಮಾನು ಎತ್ತಿ, ತಿರುಗಿಯೂ ನೋಡದೆ, "ಅಕ್ಕಾ, ಮಗ್ಗ ನಿಲ್ಲಿಸೇ" ಎಂದಳು.

ಬೆಳಿಗ್ಗೆಯೇ ಕರೆಂಟು ಹೋಗಿತ್ತು, ಆ ಹೊತ್ತಿನಲ್ಲಿ ಮನೆಯಲ್ಲಿ ಯಾವ ಮಗ್ಗವೂ ಓಡುತ್ತಿರಲಿಲ್ಲ. ಅವಳು ಹೇಳಿದ್ದು ನನ್ನ ತಂಬೂರಿಗೆ. ನಾನು ನಕ್ಕು ನಿಧಾನ ಮಾಡಿದೆ. ಅವಳು ಮತ್ತೆ ಕಮಾನು ಇಟ್ಟಳು. ಮಾರನೆಯ ದಿನ ಎದ್ದಾಗ ಅವಳ ಕಣ್ಣಿನ ಬಿಳಿ ಹಳದಿಯಾಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಮಾತು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗ ಓಡದ ಮನೆ ಹುಡುಕಬೇಕು. ಬೆಳಿಗ್ಗೆ ಶುರುವಾದ ಖಟಖಟ ರಾತ್ರಿ ಊಟದವರೆಗೂ ಇರುತ್ತದೆ. ಬೆಂಗಳೂರಿನಿಂದ ಬಂದ ನೆಂಟರು ತಲೆ ಹಿಡಿದುಕೊಂಡು ಕೂರುತ್ತಾರೆ. ನಾವು ನಲ್ಲೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಅಲ್ಲಿ ಹುಣಿಸೆ ಮರಗಳ ನಡುವಿನ ನಿಶ್ಶಬ್ದಕ್ಕೆ ಹೆದರಿ ಇಡೀ ರಾತ್ರಿ ಹೊರಳಾಡಿದ್ದೇವೆ. ನಮ್ಮ ಬೀದಿಯವರು ಗುಟ್ಟು ಹೇಳುವುದೂ ಕೂಗಿಯೇ. ಆದ್ದರಿಂದ ನಮ್ಮಲ್ಲಿ ಗುಟ್ಟೆನ್ನುವುದು ಉಳಿದದ್ದು ಕಡಿಮೆ.

ಇಂಥ ಬೀದಿಗೆ ಸಂಗೀತ ಯಾಕೆ ಬಂತೆಂದರೆ, ನಮ್ಮಪ್ಪನಿಗೆ ಭಜನೆಯ ಹುಚ್ಚು. ದೇವಸ್ಥಾನದ ಹಿಂದಿನ ಮನೆಯಲ್ಲಿ ಪಿಟೀಲಿನ ಮೇಷ್ಟ್ರೊಬ್ಬರಿದ್ದರು. ಅಪ್ಪ ಮೊದಲು ನನ್ನನ್ನು ಹಾಡು ಕಲಿಯಲು ಅಲ್ಲಿಗೆ ಕಳಿಸಿದರು. ಮೇಷ್ಟ್ರು ಕೆಲವು ದಿನ ತಾಳ್ಮೆಯಿಂದ ಕೇಳಿದರು. ಆಮೇಲೆ ಮೂಲೆಯಲ್ಲಿದ್ದ ತಂಬೂರಿಯನ್ನು ತಂದು ನನ್ನ ತೊಡೆಯ ಮೇಲಿಟ್ಟು, "ನೀನು ಇದನ್ನ ಮೀಟಮ್ಮ. ಎಲ್ಲರಿಗೂ ಕ್ಷೇಮ" ಎಂದರು. ನನ್ನ ಸಂಗೀತದ ಬಗ್ಗೆ ಅದಕ್ಕಿಂತ ಚೆನ್ನಾಗಿ ಇನ್ನೂ ಯಾರೂ ಬರೆದಿಲ್ಲ. ಸಂಗೀತ ಕೈಗೆ ಬಂದದ್ದು ನನ್ನ ಹಿಂದೆಯೇ ಲಂಗ ಎಳೆದುಕೊಂಡು ಬರುತ್ತಿದ್ದ ಸರೋಜಳಿಗೆ. ಪಕ್ಕದ ಮನೆಯ ಮುನಿರಾಜು ಹಗಲು ಮಗ್ಗ ನೋಡಿಕೊಂಡು ಸಾಯಂಕಾಲ ಮೃದಂಗ ಕಲಿಯುತ್ತಿದ್ದ. ಹೀಗೆ ನಾವು ಮೂವರಾದೆವು.

ತಂಬೂರಿಯವರ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಕಛೇರಿಯಲ್ಲಿ ಅವರು ಕಾಣುತ್ತಾರೆ, ಆದರೆ ಯಾರೂ ನೋಡುವುದಿಲ್ಲ. ಆಕಳಿಸಬಾರದು, ಕೆರೆದುಕೊಳ್ಳಬಾರದು, ತಲೆದೂಗುವುದೂ ಹದವಾಗಿರಬೇಕು. ಇರುವುದು ನಾಲ್ಕೇ ತಂತಿ. ತಂತಿಯ ಬುಡದಲ್ಲಿ ಒಂದೊಂದು ಎಳೆ ದಾರ ಸಿಕ್ಕಿಸುತ್ತಾರೆ. ಅದು ತಕ್ಕ ಜಾಗದಲ್ಲಿದ್ದರೆ ತಂತಿ ಝೇಂಕರಿಸುತ್ತದೆ, ಕೂದಲೆಳೆಯಷ್ಟು ಸರಿದರೆ ಮಂಕಾಗುತ್ತದೆ. ಆ ದಾರಕ್ಕೆ ಜೀವಾಳ ಎನ್ನುತ್ತಾರೆ. ರೇಷ್ಮೆ ನೇಯುವ ಮನೆಯವಳು ನಾನು, ರೇಷ್ಮೆ ಎಳೆಯನ್ನೇ ಹಾಕಿ ನೋಡಿದೆ. ಜಾರಿಹೋಯಿತು. ಅದಕ್ಕೆ ಹತ್ತಿಯ ದಾರವೇ ಬೇಕು.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ತಂಬೂರಿ ಶ್ರುತಿಗೆ ಸೇರಿದ್ದು, ತಾಳಕ್ಕೆ ಸೇರಿದ್ದಲ್ಲ. ಹಾಡು ಬೇಗ ಹೋಗಲಿ, ನಿಧಾನ ಹೋಗಲಿ, ತಂಬೂರಿ ಲೆಕ್ಕ ಹಾಕಬಾರದು. "ನೀರು ಹರಿದ ಹಾಗೆ ಮೀಟಬೇಕು" ಎನ್ನುತ್ತಿದ್ದರು ಮೇಷ್ಟ್ರು. ನಾನು ನೋಡಿದ ನೀರೆಲ್ಲ ಕೆರೆಯದು, ನಿಂತದ್ದು. ಹರಿಯುವುದು ಹೇಗೆಂದು ನನ್ನ ಬೆರಳಿಗೆ ತಿಳಿಯಲಿಲ್ಲ. ಮೇಷ್ಟ್ರ ಮನೆಯಲ್ಲಾಗಲಿ ನಮ್ಮ ಮನೆಯಲ್ಲಾಗಲಿ, ನಾವು ಅಭ್ಯಾಸಕ್ಕೆ ಕೂರುತ್ತಿದ್ದ ಕೋಣೆಗೂ ಮಗ್ಗಕ್ಕೂ ನಡುವೆ ಒಂದೇ ಗೋಡೆ. ನನ್ನ ಬೆರಳು ಆ ಖಟಖಟಕ್ಕೆ ಸೇರಿಕೊಂಡುಬಿಡುತ್ತಿತ್ತು. ಮೇಷ್ಟ್ರು ಕಣ್ಣು ಬಿಟ್ಟು, "ತಂಬೂರಿ ಮಗ್ಗ ಅಲ್ಲಮ್ಮಾ!" ಎಂದು ಗದರುತ್ತಿದ್ದರು. ಮಗ್ಗದ ಸದ್ದಿನಲ್ಲಿ ಅದೂ ಅರ್ಧ ಕೇಳುತ್ತಿರಲಿಲ್ಲ.

ಒಂದು ವರ್ಷ ನಮ್ಮ ಬೀದಿಯ ರಾಮನವಮಿ ಸಂಗೀತದಲ್ಲಿ ನಮ್ಮ ಮೂವರಿಗೆ ಅವಕಾಶ ಸಿಕ್ಕಿತು. ಬೆಂಗಳೂರಿನಿಂದ ಬರುವ ವಿದ್ವಾಂಸರ ಕಛೇರಿಗೆ ಮೊದಲು, ಜನ ಪಾನಕ ಕುಡಿದು ಜಾಗ ಹಿಡಿಯುವ ಹೊತ್ತಿನಲ್ಲಿ ಸರೋಜಳ ಪಿಟೀಲು. ಅವಳಿಗೆ ಆಗ ಹದಿನಾರೋ ಹದಿನೇಳೋ. ಮೇಷ್ಟ್ರು ಸ್ಪಷ್ಟವಾಗಿ ಹೇಳಿದರು: "ನೋಡು ಮಗು, ಸಭೇಲಿ ನಿಂತ್ಕೊಂಡ್ರೆ ಮುಂದಕ್ಕೆ ದೊಡ್ಡ ಪಾಠ ಶುರು ಮಾಡ್ತೀನಿ. ಇಲ್ದಿದ್ರೆ ಮನೇಲಿ ದೇವರ ಮುಂದೆ ನುಡಿಸ್ಕೊಂಡಿರು. ಅದೂ ತಪ್ಪಲ್ಲ. ನಂಗೂ ವಯಸ್ಸಾಯ್ತು." ದೇವರ ಮುಂದೆ ನುಡಿಸಿಕೊಂಡಿರುವುದು ತಪ್ಪಲ್ಲವೆಂದು ಸರೋಜಳಿಗೂ ಗೊತ್ತಿತ್ತು. ಆದರೆ ಅವತ್ತು ಅವಳು ಊಟ ಮಾಡಲಿಲ್ಲ.

ನಾನು ಹುಟ್ಟಿನಿಂದಲೇ ಗಾಬರಿಯವಳು. ಬಸ್ಸು ಹತ್ತಿದರೆ ಇಳಿಯುವ ಯೋಚನೆ, ಇಳಿದರೆ ಬೀಗ ಹಾಕಿದೆನೋ ಇಲ್ಲವೋ ಎಂಬ ಯೋಚನೆ. ಇನ್ನು ಕಛೇರಿಯೆಂದರೆ ಕೇಳಬೇಕೆ? ಬಿಸಿಲಿಗೆ ತಂತಿ ಸಡಿಲವಾದರೆ? ಅವಳ ಅಂಗೈ ಬೆವರಿ ಬೆರಳು ಜಾರಿದರೆ? ಮೃದಂಗದ ಚರ್ಮ ಕಾದು ಶ್ರುತಿ ಏರಿದರೆ? ಚಪ್ಪರದ ಸೋಗೆಯಿಂದ ಹಲ್ಲಿ ಬಿದ್ದರೆ? ನಾನು ಯೋಚಿಸದೆ ಬಿಟ್ಟದ್ದು ಒಂದೇ ವಿಷಯ. ಅದನ್ನು ಹಬ್ಬದ ಮುನ್ನಾದಿನ ಮುನಿರಾಜು ಓಡಿ ಬಂದು ಹೇಳಿದ.

"ಅಕ್ಕಾ, ಕೇಳುದ್ರಾ? ನಾಳೆ ಸಾಯಂಕಾಲ ಬೀದೀಲಿ ಒಂದು ಮಗ್ಗಾನೂ ಓಡ್ಸಂಗಿಲ್ವಂತೆ. ದೊಡ್ಡೋರು ಹೇಳವ್ರೆ."

"ಒಳ್ಳೇದೇ ಆಯ್ತಲ್ಲೋ. ಜನಕ್ಕೆ ಪಿಟೀಲು ಕೇಳ್ಸುತ್ತೆ."

"ಜನಕ್ಕೆ ಕೇಳ್ಸುತ್ತೆ ಸರಿ. ನಾನು ಏನನ್ನ ಹಿಡ್ಕೊಂಡು ಬಾರಿಸ್ಲಕ್ಕಾ?"

ನಾವು ಒಂದು ದಿನವಾದರೂ ಮಗ್ಗವಿಲ್ಲದೆ ನುಡಿಸಿರಲಿಲ್ಲ. ಅಮಾವಾಸ್ಯೆಗೆ ಮಗ್ಗಕ್ಕೆ ರಜ, ಆದರೆ ಅಮಾವಾಸ್ಯೆಯಂದು ಪಾಠವೂ ಕೂಡದು ಎಂಬುದು ಮೇಷ್ಟ್ರ ನಿಯಮ. ಸಾಯಂಕಾಲ ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು, ಆದರೆ ದೀಪವೂ ಇರದೆ ನಾವೂ ಏಳುತ್ತಿದ್ದೆವು. ಗೋಡೆಯಾಚೆಯ ಆ ಮಗ್ಗವೇ ನಮಗೆ ಗೊತ್ತಿಲ್ಲದೆ ಇಷ್ಟು ವರ್ಷ ನಮ್ಮ ತಾಳ ಹಾಕುತ್ತಿತ್ತು. ಕೈ ಓಡಿಹೋಗದಂತೆ ಹಿಡಿದಿತ್ತು.

ಅವತ್ತೇ ನಿಶ್ಶಬ್ದದಲ್ಲಿ ನುಡಿಸಿ ನೋಡೋಣವೆಂದರೆ, ಮರುದಿನ ರಜವೆಂದು ಇಡೀ ಬೀದಿ ಹಟ ಹಿಡಿದವರಂತೆ ಮಗ್ಗ ಓಡಿಸುತ್ತಿತ್ತು. ಸರೋಜ ಪಿಟೀಲು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲೂ ಕೇಳುತ್ತಿತ್ತು. ವಾಪಸು ಬಂದು ಸಣ್ಣ ದನಿಯಲ್ಲಿ, "ಅಪ್ಪಂಗೆ ಹೇಳಿ, ನಾಳೆ ಒಂದೇ ಒಂದು ಮಗ್ಗ ಓಡಿಸಿದ್ರೆ ಏನಾಗುತ್ತೆ?" ಎಂದಳು.

"ರಾಮದೇವರ ಹಬ್ಬದ ದಿನ ಮಗ್ಗ ಓಡಿಸಿದ್ರೆ ಬೀದಿಯೋರು ನಮ್ಮನ್ನೇ ಓಡಿಸ್ತಾರೆ ಕಣೇ" ಎಂದೆ.

ಮರುದಿನ ಸಾಯಂಕಾಲ ಚಪ್ಪರದಲ್ಲಿ ಕೂತಾಗ ನನಗೆ ನೆನಪಿರುವುದು ಆ ನಿಶ್ಶಬ್ದ. ಮಕ್ಕಳು ಅಳುತ್ತಿದ್ದವು, ಪಾನಕದ ಲೋಟಗಳು ಸದ್ದು ಮಾಡುತ್ತಿದ್ದವು, ಬೀಸಣಿಗೆಗಳು ಆಡುತ್ತಿದ್ದವು. ಆದರೂ ಕಿವಿಯೊಳಗೆ ದೊಡ್ಡ ಹಳ್ಳ ಬಿದ್ದಂತಿತ್ತು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಲು ಕೈ ಸಿದ್ಧ ಮಾಡಿಕೊಂಡರು. ಸರೋಜ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಪಿಟೀಲು ಹಿಡಿದಳು. ಅವಳ ಜಡೆಗೆ ಮುಡಿಸಿದ್ದ ಮಲ್ಲಿಗೆ ಸಣ್ಣಗೆ ನಡುಗುತ್ತಿದ್ದುದು ಹಿಂದೆ ಕೂತಿದ್ದ ನನಗೆ ಮಾತ್ರ ಕಾಣುತ್ತಿತ್ತು.

ವರ್ಣ ಹೇಗೋ ದಾಟಿತು. ಆಮೇಲಿನ ಕೀರ್ತನೆಯಲ್ಲಿ ಅವಳ ಕಮಾನು ಮೆಲ್ಲಗೆ ಓಡತೊಡಗಿತು. ಮುನಿರಾಜು ಹಿಡಿದು ನಿಲ್ಲಿಸುತ್ತಾನೆ ಅಂದುಕೊಂಡರೆ, ಅವನೂ ಅವಳ ಜೊತೆ ಓಡಿದ. ಸಂತೆಯಲ್ಲಿ ಹಗ್ಗ ಬಿಚ್ಚಿಕೊಂಡ ಎರಡು ಮೇಕೆಗಳ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ಓಡಿಸಿಕೊಂಡು ಹೋದರು. ಮುಂದಿನ ಸಾಲಿನಲ್ಲಿ ತಾಳ ಹಾಕುತ್ತಿದ್ದವರ ಕೈಗಳು ಒಂದೊಂದಾಗಿ ತಡವರಿಸಿದವು. ಮೇಷ್ಟ್ರು ತಾಳ ನಿಲ್ಲಿಸಿ ಕಣ್ಣು ಮುಚ್ಚಿಕೊಂಡರು. ಅವರ ದೊಡ್ಡ ಪಾಠ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ಗಳಿಗೆಯಲ್ಲಿ ನಾನು ಏನೋ ಉಪಾಯ ಮಾಡಿದೆ ಎಂದು ಆಮೇಲೆ ಕೆಲವರು ಹೇಳಿದರು. ಅದು ಸುಳ್ಳು. ನಾನು ಹೆದರಿದ್ದೆ, ಅಷ್ಟೇ. ಹೆದರಿದಾಗ ಕಲಿಸಿದ್ದೆಲ್ಲ ಮರೆತುಹೋಗುತ್ತದೆ, ಕಲಿಸದೆ ಬಂದದ್ದು ಮಾತ್ರ ಉಳಿಯುತ್ತದೆ. ನನ್ನ ಬೆರಳು ನೀರನ್ನು ಬಿಟ್ಟು ಮಗ್ಗಕ್ಕೆ ಹೋಯಿತು. ನಾಲ್ಕು ತಂತಿ, ಖಟಖಟ, ನಾಲ್ಕು ತಂತಿ, ಖಟಖಟ. ಗೋಡೆಯಾಚೆಯ ಮಗ್ಗದ್ದೇ ನಡೆ. ಎಷ್ಟು ಜೋರಾಗಿ ಮೀಟಿದೆನೆಂದರೆ ಚಪ್ಪರದ ಕೊನೆಯಲ್ಲಿದ್ದವರೂ ತಂಬೂರಿಯವಳನ್ನು ನೋಡಿದರಂತೆ. ತಂಬೂರಿಯವರಿಗೆ ಇದಕ್ಕಿಂತ ಅವಮಾನವಿಲ್ಲ.

ಸರೋಜಳ ತಲೆ ಒಂದು ಚೂರು ನನ್ನ ಕಡೆಗೆ ವಾಲಿತು. ಎಡಗಿವಿ ಹಿಂದಕ್ಕೆ ಬಂತು. ಒಂದು ಆವರ್ತ ಅವಳು ಹಾಗೇ ಕೇಳಿಸಿಕೊಂಡು ನುಡಿಸಿದಳು. ಆಮೇಲೆ ಕಮಾನು ಉದ್ದವಾಯಿತು, ಓಟ ನಿಂತಿತು. ಮುನಿರಾಜು ನನ್ನ ಕಡೆ ನೋಡಿ ಹಲ್ಲು ಕಿರಿದ. ಅವನ ಎಡಗೈಯೂ ಸಮಕ್ಕೆ ಬಂತು. ಮುಂದಿನ ಸಾಲಿನ ಕೈಗಳು ಮತ್ತೆ ಸೇರಿಕೊಂಡವು. ಕಲ್ಯಾಣಿ ರಾಗ ಹಿಡಿದಾಗ ಅವಳು ಅಳುಕಿಲ್ಲದೆ ನುಡಿಸಿದಳು. ನಾನು ಮಾತ್ರ ಕೊನೆಯವರೆಗೂ ಮಗ್ಗ ಬಿಡಲಿಲ್ಲ. ಬಿಟ್ಟರೆ ಏನಾಗುವುದೋ ಎಂಬ ಭಯ.

ಇಳಿದು ಬಂದ ಮೇಲೆ ಮೇಷ್ಟ್ರು ನೇರವಾಗಿ ನನ್ನ ಹತ್ತಿರ ಬಂದರು. "ತಂಬೂರಿ ಮಗ್ಗ ಅಲ್ಲ ಅಂತ ನಿಂಗೆ ಎಷ್ಟು ಸಲ ಹೇಳಿದೀನಿ?"

"ತಪ್ಪಾಯ್ತು ಮೇಷ್ಟ್ರೇ."

"ತಪ್ಪೇ. ಇನ್ನೊಂದು ಸಲ ಮಾಡಬೇಡ" ಎಂದು, ಸರೋಜಳ ಕಡೆ ತಿರುಗಿ, "ಸೋಮವಾರ ಬಾ. ಭೈರವಿ ಶುರು ಮಾಡೋಣ" ಎಂದರು. ದೊಡ್ಡ ಪಾಠವೆಂದರೆ ಅದೇ. ಅವಳು ಅಲ್ಲೇ ಕೂತು ಎರಡು ಲೋಟ ಪಾನಕ ಕುಡಿದಳು. ಮೂರನೆಯದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಮಗ್ಗ ನಿಲ್ಲುವ ಅಮಾವಾಸ್ಯೆಯಂದೂ ಕೂತು ಅಭ್ಯಾಸ ಮಾಡುತ್ತೇನೆಂದು ಅವಳು ಹಟ ಹಿಡಿದಳು. ಮೇಷ್ಟ್ರು ಮೊದಲು ಬೈದು, ಆಮೇಲೆ ಕಿವಿ ಕೇಳದವರಂತೆ ಇದ್ದುಬಿಟ್ಟರು. ಎರಡು ಮೂರು ಬೇಸಿಗೆಯಲ್ಲಿ ತಾಳ ಅವಳ ಒಳಗೇ ಬಂದು ಕೂತಿತು. ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಎಂದು ಎಲ್ಲಿ ಚಪ್ಪರ ಹಾಕಿ ಕರೆದರೂ ಮೂವರೂ ಹೋಗುತ್ತಿದ್ದೆವು. ನನಗೆ ಅಷ್ಟರಲ್ಲಿ ಮದುವೆಯಾಗಿತ್ತು, ಅದೂ ಅದೇ ಬೀದಿಯ ಎದುರು ಸಾಲಿಗೆ. ನಾನು ಊರು ಬಿಟ್ಟು ಹೋಗಿ ಅತ್ತದ್ದೇನೂ ಇಲ್ಲ. ಬಸ್ಸಿನಲ್ಲಿ ತಂಬೂರಿಗೆ ಹಳೆ ಸೀರೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡರೆ ಕಂಡಕ್ಟರು, "ಮಗೂಗೆ ಎಷ್ಟು ವಯಸ್ಸಮ್ಮಾ? ಅರ್ಧ ಟಿಕೆಟ್ಟೋ ಪೂರ್ತಿಯೋ?" ಎನ್ನುತ್ತಿದ್ದ. ಮುನಿರಾಜು ನಗುತ್ತಿದ್ದ. ನಾನು ತಂತಿ ಸಡಿಲವಾಯಿತೇನೋ ಎಂದು ಸೀರೆಯೊಳಗೆ ಕೈ ಹಾಕಿ ನೋಡುತ್ತಿದ್ದೆ.

ಅವಳಿಗೆ ಇನ್ನು ಮಗ್ಗ ಬೇಕಿರಲಿಲ್ಲ. ನನ್ನ ಬೆರಳಿಗೆ ಮಾತ್ರ ಅದು ತಿಳಿಯಲಿಲ್ಲ. ಅವಳು ಚೆನ್ನಾಗಿ ನುಡಿಸುತ್ತಿದ್ದಷ್ಟೂ, ಎಲ್ಲಿ ಓಡಿಬಿಡುತ್ತಾಳೋ ಎಂದು ನಾನು ಹಿಡಿದುಕೊಳ್ಳುತ್ತಿದ್ದೆ. ಆಗ ಅವಳು ಕಮಾನು ಎತ್ತಿ "ಅಕ್ಕಾ, ಮಗ್ಗ ನಿಲ್ಲಿಸೇ" ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ಮಕ್ಕಳು ರಸ್ತೆ ದಾಟುವಾಗ ತಾಯಿಯ ಕೈ ಬಿಡಿಸಿಕೊಳ್ಳುತ್ತಾರಲ್ಲ, ಹಾಗೆ.

ಹಳದಿ ಕಣ್ಣಿನ ಆ ಬೆಳಿಗ್ಗೆ ಯುಗಾದಿಗೆ ಸ್ವಲ್ಪ ಮೊದಲು. ಕಾಮಾಲೆಯೆಂದು ಸೊಪ್ಪಿನ ಔಷಧಿ ಕುಡಿಸಿದೆವು, ಬೆಂಗಳೂರಿನ ಆಸ್ಪತ್ರೆಗೂ ಕರೆದುಕೊಂಡು ಹೋದೆವು. ಮನೆಗೆ ತಂದು ಮಲಗಿಸಿದ ಮೇಲೆ, ಅವಳಿಗೆ ತೊಂದರೆಯಾಗಬಾರದೆಂದು ಅಪ್ಪ ನಮ್ಮ ಮಗ್ಗ ನಿಲ್ಲಿಸಿದರು. ಅದನ್ನು ನೋಡಿ ಅಕ್ಕಪಕ್ಕದವರೂ ನಿಲ್ಲಿಸಿದರು. ಸರೋಜ ಕಣ್ಣು ಬಿಟ್ಟು, "ಯಾಕಕ್ಕಾ, ರಾಮನವಮಿ ಬಂದ್ಬಿಡ್ತಾ?" ಎಂದಳು.

"ಇಲ್ಲ ಕಣೇ. ನೀನು ನಿದ್ದೆ ಮಾಡ್ಲಿ ಅಂತ."

"ನಿದ್ದೆ ಬರಲ್ಲ ಹಿಂಗಿದ್ರೆ. ಓಡಿಸೋಕೆ ಹೇಳು."

ಓಡಿಸಿದರು. ಅವಳು ಮಲಗಿದಳು. ಚಾದರದ ಮೇಲೆ ಎಡಗೈಯ ಬೆರಳುಗಳು ಸ್ವಲ್ಪ ಹೊತ್ತು ಆಡಿದವು. ನಾನು ಪಕ್ಕದಲ್ಲಿ ಕೂತು, ಅವಳ ಉಸಿರು ಮಗ್ಗಕ್ಕೆ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿಸಿಕೊಂಡೆ. ಗಾಬರಿಯವರು ಏನೇನೋ ಹೋಲಿಸಿ ನೋಡುತ್ತಾರೆ. ರಾಮನವಮಿಗೆ ಚಪ್ಪರದ ಗಳು ನೆಡುವ ಹೊತ್ತಿಗೆ ಅವಳಿರಲಿಲ್ಲ.

ಈ ವರ್ಷವೂ ಚಪ್ಪರ ಹಾಕಿದರು. ಮುನಿರಾಜು ಯಾರಿಗೋ ಮೃದಂಗ ಬಾರಿಸಿ, ಕಛೇರಿ ಮುಗಿದ ಮೇಲೆ ನನ್ನ ಕೈಗೊಂದು ಲೋಟ ಪಾನಕ ಇಟ್ಟು ಹೋದ. ನಾನು ಹೋಗಿ ಕೇಳಿದೆ, ಪಾನಕ ಕುಡಿದೆ, ಬಂದೆ. ಹಲ್ಲಿ ಬೀಳುವುದೇನೋ ಎಂದು ಸೋಗೆಯ ಕಡೆ ನೋಡಿದ್ದೂ ಉಂಟು. ಗಾಬರಿ ನನ್ನನ್ನು ಬಿಟ್ಟಿಲ್ಲ. ಅದಕ್ಕೀಗ ಯಾರ ಮೇಲೆ ಕೂರಬೇಕೆಂದು ತಿಳಿಯದೆ ಸಿಕ್ಕಿದ್ದರ ಮೇಲೆಲ್ಲ ಕೂರುತ್ತದೆ.

ದಿನ ಬಿಟ್ಟು ದಿನ ತಂಬೂರಿ ತೆಗೆದು ಒರೆಸುತ್ತೇನೆ. ಜೀವಾಳದ ದಾರ ಹೊಸದು ಹಾಕಿದ್ದೇನೆ, ತಂತಿ ಚೆನ್ನಾಗಿಯೇ ಝೇಂಕರಿಸುತ್ತದೆ. ನೀರಿನಂತೆ ಮೀಟೋಣವೆಂದು ಶುರು ಮಾಡುತ್ತೇನೆ. ಸ್ವಲ್ಪ ಹೊತ್ತಿಗೆ ಬೆರಳು ಮಗ್ಗಕ್ಕೆ ಹೋಗುತ್ತದೆ, ಹೋಗಿ ಅಲ್ಲೇ ಇರುತ್ತದೆ. ನಿಲ್ಲಿಸೇ ಎನ್ನುವವಳಿಲ್ಲ.