ದೆಜೊ ಮಾವನ ಮೀಸೆ

ನಮ್ಮೂರಿನ ಕುರಿಗಾಹಿ ದೆಜೊ ಮಾವನಿಗೆ ಆಸ್ತಿ ಅಂತ ಇದ್ದದ್ದು ಮೇಣ ಹಚ್ಚಿ ತಿರುಚಿದ ಮೀಸೆಯೊಂದೇ. ಸೂಪು ಕುಡಿದರೆ ಅರ್ಧ ಅದಕ್ಕೇ ಹೋಗುತ್ತಿತ್ತು. ಹೆಂಡತಿ ಪಿರೋಷ್ಕ ಅತ್ತೆಗೆ ಅದನ್ನು ಕಂಡರಾಗದು. ಮದುವೆಯಾದಾಗಿನಿಂದ "ತೆಗೀರಿ" ಎಂದು ಗಂಟುಬಿದ್ದಿದ್ದಳು. ಅವಳು ಹೇಳಿದ್ದನ್ನೆಲ್ಲ ಕೇಳುವ ಮಾವ ಮೀಸೆಯ ವಿಷಯಕ್ಕೆ ಮಾತ್ರ ಕಿವುಡ.

ಅವನ ಮಾತಿನಲ್ಲಿ ಅರ್ಧ ಬುರುಡೆ ಎಂಬುದು ಊರಿಗೇ ಗೊತ್ತು. ಹಾಗಾಗಿ ಏಪ್ರಿಲಿನ ಒಂದು ಬೆಳಿಗ್ಗೆ ಪಾಲಿಂಕಾ ಎಂಬ ಹಣ್ಣಿನ ಸಾರಾಯಿ ಮಾರುವ ಅಂಗಡಿಗೆ ಬಂದು, ಪುಸ್ತಾ ಬಯಲಿನ ಹುಲ್ಲಿನಲ್ಲಿ ತೂಜೊಕ್ ಕಂಡೆ ಎಂದಾಗ ಯಾರೂ ಲೋಟ ಕೆಳಗಿಡಲಿಲ್ಲ. ಆ ದೊಡ್ಡ ಹಕ್ಕಿ ನಮ್ಮ ಕಡೆ ಕಾಣದೆ ಎಷ್ಟೋ ವರ್ಷವಾಗಿತ್ತು.

"ಕೊಕ್ಕರೆ ಇರ್ಬೇಕು ಮಾವ," ಎಂದ ಅಂಗಡಿಯ ಗೆಲೇರ್ಟ್.

"ಕೊಕ್ಕರೆಗೆ ಮೀಸೆ ಇರುತ್ತೇನೋ? ಗಂಡು ತೂಜೊಕ್‌ಗೆ ಮಾತ್ರ ಇರೋದು. ಇದಕ್ಕಿತ್ತು, ನನ್ ಹಾಗೇ! ಹೆಣ್ಣನ್ನ ಒಲಿಸ್ಕೊಳ್ಳೋಕೆ ಪುಕ್ಕ ಎಲ್ಲ ತಿರುವಿ ಹಾಕಿ ಬೆಳ್ಳಗೆ ಉಬ್ಬಿ ನಿಂತಿತ್ತು. ಸುಳ್ಳಾದ್ರೆ ಮೀಸೆ ಬೋಳಿಸ್ಕೋತೀನಿ!"

ಮಾತು ಜಾರಿಬಿಟ್ಟಿತು. ಗೆಲೇರ್ಟ್ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಹಿಡಿದೇ ಬಯಲಿಗೆ ಹೊರಟ, ನಾವೆಲ್ಲ ಅವನ ಹಿಂದೆ. ಸುದ್ದಿ ಕೇಳಿದ ಅತ್ತೆ ಹಬ್ಬದ ತಲೆವಸ್ತ್ರ ಕಟ್ಟಿಕೊಂಡು ಓಡಿಬಂದಳು.

ದೂರದ ಹುಲ್ಲಿನಲ್ಲಿ ಬೆಳ್ಳಗೆ ಏನೋ ಉಬ್ಬಿ ಅಲುಗಾಡುತ್ತಿತ್ತು. "ಅಗೋ!" ಎಂದ ಮಾವ.

ಅತ್ತೆ ಹಣೆ ಚಚ್ಚಿಕೊಂಡಳು. "ಅದು ನಮ್ಮ ದಿಂಬು ಕಣ್ರೀ! ಕಿಟಕೀಲಿ ಬಿಸಿಲಿಗೆ ಹಾಕಿದ್ದೆ, ನಿನ್ನೆ ಗಾಳಿಗೆ ಹಾರ್ಹೋಯ್ತು. ದಿನಾ ತಲೆ ಇಟ್ಟು ಮಲಗೋ ದಿಂಬೂ ಗುರುತು ಸಿಗಲ್ವಾ?"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆ ಲಂಗ ಎತ್ತಿಕೊಂಡು ದಿಂಬು ತರಲು ನಡೆದಳು. ಪೊದೆಯ ಮರೆಯಿಂದ ಕೈ ಚಾಚಿ ಬಗ್ಗಿದಳೋ ಇಲ್ಲವೋ, ದಿಂಬು ತಿರುಗಿ ಅವಳ ಮುಖ ನೋಡಿತು. ಅತ್ತೆ ಕಿರುಚಿ ಅಲ್ಲೇ ಕುಕ್ಕರಿಸಿದಳು. ದಿಂಬು ಬಿಳಿಯನ್ನೆಲ್ಲ ಒಳಗೆಳೆದುಕೊಂಡು ಕಂದು ಬಣ್ಣಕ್ಕೆ ತಿರುಗಿ, ನಾಲ್ಕು ಹೆಜ್ಜೆ ಓಡಿ, ರೆಕ್ಕೆ ಬಡಿದು ಹಾರಿಹೋಯಿತು.

ಗೆಲೇರ್ಟ್ ಮಾತ್ರ ಕತ್ತರಿ ಕೆಳಗಿಡಲಿಲ್ಲ. "ಹೆಬ್ಬಾತೂ ಹಾರುತ್ತೆ. ಹತ್ತಿರದಿಂದ ನೋಡಿದವರು ನೀವೊಬ್ರೇ ಅತ್ತೆ. ನಿಜ ಹೇಳಿ, ಮೀಸೆ ಇತ್ತಾ?"

ಅತ್ತೆ ಎದ್ದು ಲಂಗ ಕೊಡವಿಕೊಂಡಳು. ಇಷ್ಟು ವರ್ಷ ಹಂಬಲಿಸಿದ ಕತ್ತರಿ ಕಣ್ಣೆದುರೇ ಇತ್ತು. ಇಲ್ಲ ಎಂದರೆ ಮುಗಿಯಿತು. ಮಾವನ ಕೈ ಮೀಸೆಯ ಮೇಲೆ, ಕಣ್ಣು ಅವಳ ಮೇಲೆ.

"ಇತ್ತಪ್ಪಾ, ಇತ್ತು," ಎಂದಳು ಅತ್ತೆ ಹಲ್ಲು ಕಚ್ಚಿ. "ಸೂಪು ಮಾತ್ರ ಅಂಟಿರ್ಲಿಲ್ಲ."